ಮೈಸೂರಿನಿಂದ ಮಡಿಕೇರಿಗೆ ಸಹಾಯಾರ್ಥ ಸೈಕಲ್ ಸವಾರಿ: 40 ಜನ, 117 ಕಿ.ಮೀ., ಒಂದು ದಿನ. ಯೋಜನೆಯಲ್ಲಿ ತಪ್ಪಿದ್ದರೆ ಹೇಳಿ

1. ಕಾವೇರಿ_ಕಡೆಗೆ

ಎಲ್ಲರಿಗೂ ನಮಸ್ಕಾರ. ಜನವರಿ ಕೊನೇ ವಾರ ಬೆಂಗಳೂರಿನಿಂದ ಮಡಿಕೇರಿಗೆ ಎರಡು ದಿನದ ಸವಾರಿ ಇಟ್ಟುಕೊಂಡಿದ್ದೇವೆ. ಹುಣಸೂರು, ಪಿರಿಯಾಪಟ್ಟಣ ಕಡೆಯ ಆದಿವಾಸಿ ಹಾಡಿಗಳ ಮಕ್ಕಳ ಓದಿಗೆ ಹಣ ಕೂಡಿಸುವುದು ಉದ್ದೇಶ. ಮೊದಲ ದಿನದ ದಾರಿ ನಿಶ್ಚಯವಾಗಿದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಸೈಕಲ್, ಬೈಕು, ಆಟೋ ಬಿಡುವುದಿಲ್ಲ, ಹಾಗಾಗಿ ಸರ್ವಿಸ್ ರಸ್ತೆಯಲ್ಲೇ ಹೋಗುತ್ತೇವೆ. ನನಗೆ ಯೋಚನೆ ಇರುವುದು ಎರಡನೇ ದಿನದ್ದು.

ಈಗಿನ ಯೋಜನೆ ಹೀಗಿದೆ. ಬೆಳಗ್ಗೆ 6.30ಕ್ಕೆ ಮೈಸೂರು ಕಲಾಮಂದಿರದ ಹತ್ತಿರದಿಂದ 40 ಜನವೂ ಒಟ್ಟಿಗೆ ಹೊರಡುವುದು. 8.45ಕ್ಕೆ ಹುಣಸೂರಿನಲ್ಲಿ ತಿಂಡಿ, 12ಕ್ಕೆ ಕುಶಾಲನಗರದಲ್ಲಿ ಊಟ, 3 ಗಂಟೆಗೆ ಮಡಿಕೇರಿ. ಒಂದು ಪಿಕಪ್ ಗಾಡಿ, ಒಂದು ಕಾರು ಜೊತೆಗಿರುತ್ತವೆ. 20 ಲೀಟರಿನ 6 ಕ್ಯಾನ್ ನೀರು. ಅರ್ಧಕ್ಕರ್ಧ ಜನ 100 ಕಿ.ಮೀ. ಒಂದೇ ದಿನ ತುಳಿದವರಲ್ಲ. ದಯವಿಟ್ಟು ಬಿಚ್ಚುಮನಸ್ಸಿನಿಂದ ಹೇಳಿ.

2. ಬಾಲಂಗೋಚಿ

ಸರ್, ಮೊದಲು ಹೊತ್ತಿನ ಲೆಕ್ಕ ನೋಡೋಣ. ಹುಣಸೂರಿಗೆ ಸುಮಾರು 45 ಕಿ.ಮೀ. ಇದೆ. 6.30ಕ್ಕೆ ಹೊರಟು 8.45ಕ್ಕೆ ತಲುಪಬೇಕಾದರೆ ಎಲ್ಲೂ ಕಾಲು ಊರದೆ ಗಂಟೆಗೆ 20 ಕಿ.ಮೀ. ತುಳಿಯಬೇಕು. ರೂಢಿಯಿರುವವರು ತುಳಿಯುತ್ತಾರೆ. ಹೊಸಬರ ವೇಗ ಈ ರಸ್ತೆಯಲ್ಲಿ 15–16, ಅದೂ ಹಿಂದಿನ ದಿನ ಬೆಂಗಳೂರಿನಿಂದ ತುಳಿದು ಬಂದ ಕಾಲಿನಲ್ಲಿ. ನಿಮ್ಮ ಪಟ್ಟಿ ಮುಂದಿನ ಹತ್ತು ಜನರಿಗೆ ಹೊಂದುತ್ತದೆ, ಹಿಂದಿನ ಹತ್ತು ಜನರಿಗೆ ಹೊಂದುವುದಿಲ್ಲ. ದಿನ ಎಷ್ಟು ಹೊತ್ತಿಗೆ ಮುಗಿಯುತ್ತದೆ ಅನ್ನುವುದು ಆ ಹಿಂದಿನ ಹತ್ತು ಜನರ ಕೈಯಲ್ಲಿದೆ.

ಕೊನೆಯವರಿಂದ ಲೆಕ್ಕ ಹಾಕಿ. 6.15ಕ್ಕೆ ಹೊರಟರೆ, 25ನೇ ಕಿ.ಮೀ.ನಲ್ಲಿ 10 ನಿಮಿಷ ನೀರಿಗೆ ನಿಂತು, ಹುಣಸೂರು 9.15. ತಿಂಡಿಗೆ 25 ನಿಮಿಷ. ಅಲ್ಲಿಂದ ಪಿರಿಯಾಪಟ್ಟಣ 22 ಕಿ.ಮೀ., ಮುಟ್ಟುವಾಗ 11.10. ಕಾಲು ಗಂಟೆ ನಿಂತು ಮತ್ತೆ 20 ಕಿ.ಮೀ. ತುಳಿದರೆ ಕುಶಾಲನಗರ 12.40. ಊಟಕ್ಕೆ ಮುಕ್ಕಾಲು ಗಂಟೆ, ಹೊರಡುವುದು 1.25. ಮುಂದಿನ 30 ಕಿ.ಮೀ. ಏರಿಳಿತದ ದಾರಿ, ಗಂಟೆಗೆ 10ರ ಲೆಕ್ಕದಲ್ಲಿ 3 ತಾಸು, ಸುಂಟಿಕೊಪ್ಪದಲ್ಲಿ ಕಾಲು ಗಂಟೆ. ಮಡಿಕೇರಿ 4.40. ಪಂಚರ್, ಚೈನು ಅಂತ 40 ನಿಮಿಷ ಸೇರಿಸಿದರೆ 5.20. ಜನವರಿ ಕೊನೆಗೆ ಅಲ್ಲಿ ಸುಮಾರು 6.20ಕ್ಕೆ ಹೊತ್ತು ಮುಳುಗುತ್ತದೆ. ಕೈಯಲ್ಲಿ ಉಳಿಯುವುದು ಒಂದೇ ಗಂಟೆ.

ಅದಕ್ಕೇ ಎಲ್ಲರನ್ನೂ ಒಟ್ಟಿಗೆ ಬಿಡಬೇಡಿ. ನಿಧಾನದವರು 6.15, ಮಧ್ಯಮದವರು 6.35, ಜೋರಿನವರು 6.55. ಹೀಗೆ ಬಿಟ್ಟರೆ ಮೂರು ಗುಂಪೂ ಹುಣಸೂರಿಗೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಸೇರುತ್ತವೆ. ತಿಂಡಿ ಒಂದೇ ಸಲ ಬಡಿಸಬಹುದು, ಗಾಡಿಗಳೂ ಹತ್ತಿಪ್ಪತ್ತು ಕಿ.ಮೀ. ಹಿಂದೆ ಮುಂದೆ ಓಡಾಡಬೇಕಿಲ್ಲ.

3. ರಾತ್ರಿ_ದೀಪ

ಬಾಲಂಗೋಚಿ ಅಣ್ಣ, ಒಂದು ತಕರಾರು. ಆ ದಿನಗಳಲ್ಲಿ ಮೈಸೂರಿನಲ್ಲಿ ಸೂರ್ಯೋದಯ ಸುಮಾರು 6.45ಕ್ಕೆ. 6.15ಕ್ಕೆ ಬಿಡುವುದೆಂದರೆ ಎಲ್ಲರಿಗಿಂತ ರೂಢಿ ಕಡಿಮೆ ಇರುವವರನ್ನೇ ಕತ್ತಲಲ್ಲಿ ಹೆದ್ದಾರಿಗೆ ಬಿಟ್ಟಂತಾಯಿತು. ಹಿಂಕಲ್ ಜಂಕ್ಷನ್ ಹತ್ತಿರ ರಿಂಗ್ ರಸ್ತೆಯ ಲಾರಿಗಳು ಬಂದು ಸೇರುತ್ತವೆ.

4. ಬಾಲಂಗೋಚಿ

ತಕರಾರು ಸರಿಯಾಗಿದೆ. ಹಾಗಾಗಿ ದೀಪ ಇಲ್ಲದ ಸೈಕಲ್ಲಿಗೆ 6.15ರ ಗುಂಪಿನಲ್ಲಿ ಜಾಗ ಇಲ್ಲ ಅಂತ ಮೊದಲೇ ಹೇಳಬೇಕು. ಮುಂದೆ ಬಿಳಿ ದೀಪದ ಬೆಳಕು 300 ಲ್ಯೂಮೆನ್ ಆದರೂ ಇರಲಿ, ಹಿಂದೆ ಕೆಂಪು ದೀಪ, ಮೈಮೇಲೆ ಹೊಳೆಯುವ ಜಾಕೆಟ್. ದೀಪ ಸೀಟಿನ ಕೆಳಗಿನ ಬ್ಯಾಗಿಗೆ ಸಿಕ್ಕಿಸಿದರೆ ಅದು ಕೆಳಕ್ಕೆ ಬಾಗಿ ನೆಲವನ್ನೇ ಬೆಳಗುತ್ತದೆ, ಸೀಟ್ ಕಂಬಕ್ಕೇ ಕಟ್ಟಬೇಕು. ಮೊದಲ 15 ಕಿ.ಮೀ., ಅಂದರೆ ಇಲವಾಲದವರೆಗೆ, ಪಿಕಪ್ ಗಾಡಿ ಹಜಾರ್ಡ್ ದೀಪ ಹಾಕಿಕೊಂಡು ಈ ಗುಂಪಿನ ಹಿಂದೆಯೇ ಬರಲಿ. ಬೆಳಕು ಹರಿದ ಮೇಲೆ ಅದರ ದಾರಿ ಅದು ನೋಡಿಕೊಳ್ಳಲಿ.

ಇನ್ನು ಎಣಿಕೆ. 1ರಿಂದ 40ರವರೆಗೆ ಅಂಕಿ ಕೊಟ್ಟು ಹ್ಯಾಂಡಲಿಗೆ ಕಟ್ಟಿಸಿ. ಪ್ರತಿ ನಿಲುಗಡೆಯಲ್ಲೂ ಒಬ್ಬರು ರಟ್ಟಿನ ಮೇಲೆ ಕಾಗದ ಇಟ್ಟುಕೊಂಡು, ಬಂದವರ ಅಂಕಿ ಮತ್ತು ಬಂದ ಗಂಟೆ ಬರೆಯಲಿ. ಹೊರಡುವಾಗ ಇನ್ನೊಂದು ಗೀಟು. ಫೋನಿನ ಗ್ರೂಪ್ ನಂಬಿ ಕೂರಬೇಡಿ, ಬೆವರಿನ ಕೈಯಲ್ಲಿ ಯಾರೂ ಸಂದೇಶ ಹಾಕುವುದಿಲ್ಲ. ಕೊನೆಯಲ್ಲಿ ಬರುವ ಸ್ವೀಪ್ ಸವಾರ ಎಂದೂ ಯಾರನ್ನೂ ದಾಟಬಾರದು. ಅವರು ನಿಲುಗಡೆಗೆ ಬಂದರು ಅಂದರೆ ರಸ್ತೆಯಲ್ಲಿ ನಮ್ಮವರು ಇನ್ನಾರೂ ಉಳಿದಿಲ್ಲ ಅಂತ ಅರ್ಥ. ಅಲ್ಲಿಯವರೆಗೆ ನೀರಿನ ಕ್ಯಾನ್ ಎತ್ತುವಂತಿಲ್ಲ. ಎಷ್ಟೋ ಕಡೆ ಮುಂದಿನವರು ಹೊರಟರು ಅಂತ ಟೇಬಲ್ ಮಡಚಿಬಿಡುತ್ತಾರೆ. ನೀರು ನಿಜವಾಗಿ ಬೇಕಾದವರು ಬರುವುದು ಆಮೇಲೆ.

ಗಡುವು ಒಂದೇ ಸಾಕು. ಮಧ್ಯಾಹ್ನ 2.15ಕ್ಕೆ ಕುಶಾಲನಗರ ಬಿಡದವರು ಗಾಡಿ ಹತ್ತಬೇಕು. ಇದನ್ನು ಹಿಂದಿನ ರಾತ್ರಿಯೇ ಎಲ್ಲರೆದುರು ಹೇಳಿ. ಸ್ಥಳದಲ್ಲಿ ಹೇಳಿದರೆ ಅವಮಾನ ಆದಂತೆ ಅನ್ನಿಸುತ್ತದೆ.

5. ಹೊಗೆಸೊಪ್ಪಿನ_ಸೀಮೆ

ದಾರಿಯ ಬಗ್ಗೆ ನಾಲ್ಕು ಮಾತು. ಹುಣಸೂರು, ಪಿರಿಯಾಪಟ್ಟಣ ಎರಡೂ ಹೊಗೆಸೊಪ್ಪಿನ ನಾಡು. ಜನವರಿಯಲ್ಲಿ ಹೊಗೆಸೊಪ್ಪಿನ ಬೇಲು (ಮೂಟೆ) ತುಂಬಿದ ಟ್ರ್ಯಾಕ್ಟರು, ಮಿನಿ ಲಾರಿಗಳು ಹರಾಜು ಕಟ್ಟೆ ಕಡೆ ಓಡಾಡುತ್ತಿರುತ್ತವೆ. ಟ್ರೇಲರಿನ ಅಗಲ ಮುಂದಿನ ಟ್ರ್ಯಾಕ್ಟರಿಗಿಂತ ಹೆಚ್ಚಿರುತ್ತದೆ ಅನ್ನುವುದು ಸೈಕಲ್ಲಿನವರಿಗೆ ಗೊತ್ತಿರಬೇಕು. ಇಂಜಿನ್ ಪಕ್ಕಕ್ಕೆ ದಾಟಿತು ಅಂತ ಬಲಕ್ಕೆ ಸರಿದರೆ ಹಿಂದಿನ ಟ್ರೇಲರ್ ತಗುಲುತ್ತದೆ.

ಬಿಳಿಕೆರೆಯಲ್ಲಿ ಹಾಸನ ಕಡೆಯ ರಸ್ತೆ ಬಲಕ್ಕೆ ಒಡೆಯುತ್ತದೆ. ಅಲ್ಲೊಬ್ಬ ಸ್ವಯಂಸೇವಕ ನಿಲ್ಲಲೇಬೇಕು, ಮುಂದಿನವರ ಬೆನ್ನು ನೋಡಿಕೊಂಡು ತುಳಿಯುವವರು ಅಡ್ಡದಾರಿ ಹಿಡಿಯುವುದು ಇಂಥ ಕಡೆಯೇ. ಹಾಗೇ ಕುಶಾಲನಗರ ದಾಟಿದ ಮೇಲೆ ಗುಡ್ಡೆಹೊಸೂರಿನಲ್ಲಿ ಎಡಕ್ಕೆ ಸಿದ್ದಾಪುರ ರಸ್ತೆ, ಅಲ್ಲೂ ಒಬ್ಬರು. ಊರು ಬಂದಾಗಲೆಲ್ಲ ಹಂಪು ಇದೆ ಅಂದುಕೊಂಡೇ ಹೋಗಿ, ಎಷ್ಟೋ ಹಂಪಿಗೆ ಬಣ್ಣವೇ ಇರುವುದಿಲ್ಲ. ನಾಲ್ಕು ಪಥದ ಕೆಲಸ ನಡೆಯುವ ಕಡೆ ಕ್ರಾಸಿನಲ್ಲಿ ಜಲ್ಲಿ ಚೆಲ್ಲಿರಬಹುದು. ತಿರುವಿನಲ್ಲಿ ಜಲ್ಲಿ ಮೇಲೆ ಮುಂದಿನ ಬ್ರೇಕ್ ಹಿಡಿದರೆ ಚಕ್ರ ಜಾರಿ ಬೀಳುವುದು ಖಂಡಿತ. ನೇರ ಇರುವಾಗಲೇ ವೇಗ ಇಳಿಸಿಕೊಂಡು, ತಿರುವಿನೊಳಗೆ ಬ್ರೇಕ್ ಬಿಟ್ಟು ಹೋಗಬೇಕು.

6. ಕಾವೇರಿ_ಕಡೆಗೆ

ಗುಂಪು ಗುಂಪಾಗಿ ಬಿಡುವುದು ಒಪ್ಪಿದೆ. ಗುಂಪಿನಲ್ಲಿ ಎಷ್ಟು ಜನ ಇರಬೇಕು? ಇಬ್ಬಿಬ್ಬರು ಅಕ್ಕಪಕ್ಕ ಹೋಗಬಹುದೇ?

7. ಬಾಲಂಗೋಚಿ

8ರಿಂದ 10. ಬಿಡುವ ಹೊತ್ತು ಮೂರೇ, ಒಂದೇ ಹೊತ್ತಿಗೆ ಹೊರಡುವವರು ಹೆಚ್ಚಿದ್ದರೆ ಅವರನ್ನೇ ಎರಡು ಗುಂಪು ಮಾಡಿ. ಎರಡು ಗುಂಪಿನ ನಡುವೆ 200 ಮೀಟರ್ ಖಾಲಿ ಬಿಡಿ, ಬಸ್ಸು ಒಂದು ಗುಂಪನ್ನು ದಾಟಿ ಒಳಗೆ ಬರಲು ಜಾಗ ಬೇಕು. 40 ಜನ ಒಂದೇ ಸಾಲಾದರೆ ಬಸ್ಸಿನವರು ಎದುರು ಗಾಡಿ ಬಂದಾಗ ನಮ್ಮ ಮೇಲೇ ಒತ್ತುತ್ತಾರೆ, ಅವರಿಗೂ ಬೇರೆ ದಾರಿ ಇರುವುದಿಲ್ಲ. ಒಂದೇ ಸಾಲು, ಅಕ್ಕಪಕ್ಕ ಬೇಡ. ಮುಂದಿನ ಚಕ್ರಕ್ಕೂ ನಿಮ್ಮ ಚಕ್ರಕ್ಕೂ ಒಂದು ಸೈಕಲ್ಲಿನಷ್ಟು ಅಂತರ. ಮುಂದಿನವರ ಹಿಂಚಕ್ರದ ಪಕ್ಕಕ್ಕೆ ನಿಮ್ಮ ಮುಂಚಕ್ರ ಹೋಗಲೇಬಾರದು. ಅವರು ಗುಂಡಿ ತಪ್ಪಿಸಲು ಒಂದು ಗೇಣು ಸರಿದರೆ ಬೀಳುವುದು ನೀವು, ಅವರಲ್ಲ.

ಕೂಗುವ ಮಾತು ನಾಲ್ಕೇ ಇರಲಿ: ‘ಗುಂಡಿ’, ‘ಹಂಪು’, ‘ಹಿಂದೆ ಗಾಡಿ’, ‘ನಿಲ್ತಿದೀನಿ’. ಮುಂದಿನವರು ಕೂಗಿದ್ದನ್ನು ಪ್ರತಿಯೊಬ್ಬರೂ ಹಿಂದಕ್ಕೆ ದಾಟಿಸಬೇಕು. ಹತ್ತನೆಯವರಿಗೆ ಮೊದಲನೆಯವರ ದನಿ ಕೇಳುವುದಿಲ್ಲ.

8. ಅಡುಗೆಮನೆ_ಅಕ್ಕ

6 ಕ್ಯಾನ್ ನೀರು ಸಾಲದು. ತಂಪು ಹೊತ್ತಿನಲ್ಲಿ ಒಬ್ಬರಿಗೆ ಗಂಟೆಗೆ ಅರ್ಧ ಲೀಟರ್, ಬೆಳಗ್ಗೆ ಹತ್ತು ಗಂಟೆ ಕಳೆದ ಮೇಲೆ ಮುಕ್ಕಾಲು ಲೀಟರ್. ದಿನಕ್ಕೆ ತಲೆಗೆ 5 ಲೀಟರ್ ಹಿಡಿಯಿರಿ. 40 ಜನಕ್ಕೆ 200 ಲೀಟರ್, ಅಂದರೆ 10 ಕ್ಯಾನ್. ಕೈ ತೊಳೆಯಲು, ತಲೆಗೆ ಸುರಿದುಕೊಳ್ಳಲು ಇನ್ನೆರಡು. ಒಟ್ಟಿಗೆ ಹೊರುವ ಅಗತ್ಯವಿಲ್ಲ, ಹುಣಸೂರು ಮತ್ತು ಕುಶಾಲನಗರದಲ್ಲಿ ಖಾಲಿ ಕ್ಯಾನ್ ಕೊಟ್ಟು ತುಂಬಿದ್ದು ತೆಗೆದುಕೊಳ್ಳುವಂತೆ ಹಿಂದಿನ ದಿನವೇ ಮಾತಾಡಿಡಿ. ಕ್ಯಾನಿಗೆ ನಲ್ಲಿ ಇರುವ ಸ್ಟ್ಯಾಂಡ್ ಬೇಕು, ಕನಿಷ್ಠ ಎರಡು. ಬಗ್ಗಿಸಿ ಸುರಿಯುವುದಾದರೆ ಅರ್ಧ ನೆಲಕ್ಕೆ, ಒಬ್ಬೊಬ್ಬರಿಗೂ ಒಂದೊಂದು ನಿಮಿಷ.

ನಿಲುಗಡೆ: 25ನೇ ಕಿ.ಮೀ. ನೀರು, 45 ಹುಣಸೂರು ತಿಂಡಿ, 67 ಪಿರಿಯಾಪಟ್ಟಣ ನೀರು, 87 ಕುಶಾಲನಗರ ಊಟ, 102 ಸುಂಟಿಕೊಪ್ಪ ನೀರು.

ತಿನ್ನುವುದು. ತುಳಿಯುವಾಗ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ, ಸಕ್ಕರೆ ಹೊಟ್ಟೆಗೆ ಬೀಳಬೇಕು. ಒಂದು ಏಲಕ್ಕಿ ಬಾಳೆಯಲ್ಲಿ ಸುಮಾರು 12 ಗ್ರಾಂ, 25 ಗ್ರಾಮಿನ ಒಂದು ಕಡಲೆಕಾಯಿ ಚಿಕ್ಕಿಯಲ್ಲೂ ಹತ್ತಿರ ಹತ್ತಿರ ಅಷ್ಟೇ. ಎರಡು ಬಾಳೆಹಣ್ಣು, ಒಂದು ಚಿಕ್ಕಿ ಅಂದರೆ ಒಂದು ಗಂಟೆಯ ಪಾಡು. 40 ಜನಕ್ಕೆ 350 ಏಲಕ್ಕಿ ಬಾಳೆ, 4 ಕೆ.ಜಿ. ಚಿಕ್ಕಿ ಸಾಕು. ಬಾಳೆಗೊನೆ ಬಿಸಿಲಲ್ಲಿ ಗಾಡಿಯ ಮೇಲೆ ಇಟ್ಟರೆ ಮಧ್ಯಾಹ್ನಕ್ಕೆ ಕಪ್ಪಾಗುತ್ತದೆ, ಅರ್ಧ ಹಣ್ಣು ಅರ್ಧ ದೋರುಗಾಯಿ ತನ್ನಿ. ಚಿಕ್ಕಿ ಬಿಡಿ ಬಿಡಿಯಾಗಿ ಸುತ್ತಿದ್ದೇ ಇರಲಿ, ಡಬ್ಬಿಯಲ್ಲಿ ತಂದರೆ ಬೆಲ್ಲ ಕರಗಿ ಒಂದೇ ಗಟ್ಟಿಯಾಗುತ್ತದೆ.

ಹುಣಸೂರಿನಲ್ಲಿ ಇಡ್ಲಿ, ಅವಲಕ್ಕಿ. ವಡೆ, ಪೂರಿ, ಮಸಾಲೆದೋಸೆ ಬೇಡ. ಎಣ್ಣೆ ಹೊಟ್ಟೆಯಲ್ಲಿ ಕೂತಿರುವಾಗ ತುಳಿದರೆ ಹುಳಿತೇಗು, ವಾಕರಿಕೆ. ಕುಶಾಲನಗರದಲ್ಲಿ ಅನ್ನ, ತಿಳಿಸಾರು, ಉಪ್ಪು ಹಾಕಿದ ಮೊಸರನ್ನ, ಒಂದು ಉಪ್ಪಿನಕಾಯಿ. ಅಲ್ಲಿಂದ ಮುಂದೆ ಏರು, ಹಾಗಾಗಿ ಹೊಟ್ಟೆ ಬಿರಿಯ ಉಣ್ಣಬೇಡಿ, ಉಳಿದ ಹಸಿವೆಗೆ ಸುಂಟಿಕೊಪ್ಪದಲ್ಲಿ ಬಾಳೆಹಣ್ಣು ಇದೆಯಲ್ಲ. ಹೋಟೆಲಿನವರಿಗೆ 40 ಎಲೆ ಅಂತ ಹಿಂದಿನ ದಿನ ಮುಂಗಡ ಕೊಟ್ಟು, ಬೆಳಗ್ಗೆ ಹೊರಡುವಾಗ ಮತ್ತೊಮ್ಮೆ ಫೋನ್ ಮಾಡಿ.

9. ಮಿಡಿತ

ಅಕ್ಕ ಹೇಳಿದ ನೀರಿನ ಲೆಕ್ಕಕ್ಕೆ ಉಪ್ಪಿನ ಲೆಕ್ಕ ಸೇರಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್ ದೊಡ್ಡ ಪೊಟ್ಟಣ 1 ಲೀಟರಿಗೆ ಅಂತಲೇ ಇರುವುದು, ತೂಕ ಸುಮಾರು 20.5 ಗ್ರಾಂ. ಸೈಕಲ್ ಬಾಟಲಿ ಅರ್ಧ ಇಲ್ಲವೇ ಮುಕ್ಕಾಲು ಲೀಟರಿನದು. ಇಡೀ ಪೊಟ್ಟಣ ಅದಕ್ಕೇ ಸುರಿದರೆ ಗಟ್ಟಿಯಾಗಿ, ಹೊಟ್ಟೆ ನುಲಿದು ಭೇದಿಯಾಗುತ್ತದೆ. ಒಂದು ಕ್ಯಾನಿನಲ್ಲಿ 20 ಪೊಟ್ಟಣ ಕಲಸಿ ‘ಓಆರ್‌ಎಸ್’ ಅಂತ ದಪ್ಪಗೆ ಬರೆದಿಡಿ. 24 ಗಂಟೆ ಮೀರಿದ್ದನ್ನು ಚೆಲ್ಲಿಬಿಡಿ. ಪೊಟ್ಟಣ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಅಂದರೆ ಟೀ ಚಮಚ, ತಲೆ ಸವರಿದ್ದು. ಹಣ್ಣಿನ ರುಚಿಯ ಸಿಹಿ ಪಾನೀಯದ ಡಬ್ಬಿ ಓಆರ್‌ಎಸ್ ಅಲ್ಲ.

ನೀರು ಕುಡಿಯಿರಿ ಅಂತ ಎಲ್ಲರೂ ಹೇಳುತ್ತಾರೆ, ಬರೀ ನೀರನ್ನೇ ವಿಪರೀತ ಕುಡಿದರೂ ಅಪಾಯವಿದೆ ಅಂತ ಯಾರೂ ಹೇಳುವುದಿಲ್ಲ. ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ಬೆರಳು ಊದಿ ಉಂಗುರ ಬಿಗಿಯಾಗುವುದು, ತಲೆನೋವು, ವಾಂತಿ, ಮಾತು ತಡವರಿಸುವುದು ಅದರ ಗುರುತು. ಅಂಥವರಿಗೆ ಮತ್ತೆ ನೀರು ಕುಡಿಸಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ನೀರು ಕಡಿಮೆಯಾದವರ ಗುರುತು ಬೇರೆ: ಬಾಯಿ ಒಣಗಿರುತ್ತದೆ, ಮೂತ್ರ ಗಾಢ ಹಳದಿ, ನಿಂತರೆ ತಲೆಸುತ್ತು. ಬಾಯಾರಿದಾಗ ಕುಡಿಯುವುದು, ಒಂದು ಬಾಟಲಿ ನೀರಾದರೆ ಮುಂದಿನದು ಓಆರ್‌ಎಸ್. ಹೊಸಬರಿಗೆ ಇಷ್ಟು ಹೇಳಿದರೆ ಸಾಕು. ಸಕ್ಕರೆ ಕಾಯಿಲೆ, ಬಿಪಿ ಇರುವವರು ಹೊರಡುವ ಮುನ್ನ ತಮ್ಮ ವೈದ್ಯರನ್ನು ಕೇಳಲಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಯಾರು ಅಂತ ಸ್ವೀಪ್ ಸವಾರನಿಗೆ ಗೊತ್ತಿರಬೇಕು.

10. ಪಂಚರ್_ಪೆಟ್ಟಿಗೆ

ಈ ದಾರಿಯ ದೊಡ್ಡ ಕಾಟ ಮುಳ್ಳಲ್ಲ, ತಂತಿ. ಲಾರಿ ಟೈರು ಸಿಡಿದಾಗ ಅದರೊಳಗಿನ ಉಕ್ಕಿನ ತಂತಿ ಚೂರುಚೂರಾಗಿ ರಸ್ತೆಯ ಅಂಚಿಗೆ ಬಂದು ಬೀಳುತ್ತದೆ, ಸೈಕಲ್ ಹೋಗುವುದೂ ಅಲ್ಲೇ. ಕೂದಲಿಗಿಂತ ಒಂಚೂರು ದಪ್ಪ, ಅಕ್ಕಿಕಾಳಿನಷ್ಟೂ ಉದ್ದ ಇರುವುದಿಲ್ಲ. ಟೈರಿನ ಹೊರಗಡೆಯಿಂದ ನೋಡಿದರೆ ಒಂದು ಕಪ್ಪು ಚುಕ್ಕೆ, ಅಷ್ಟೇ. ಟ್ಯೂಬು ಬದಲಾಯಿಸಿ ಗಾಳಿ ತುಂಬಿ ಹೊರಟರೆ ಎರಡು ಕಿ.ಮೀ.ನಲ್ಲಿ ಮತ್ತೆ ಕೂರುತ್ತದೆ. ಒಂದೇ ಚಕ್ರ ಮೂರು ಸಲ ಪಂಚರ್ ಆಯಿತು ಅಂದರೆ ನೂರಕ್ಕೆ ತೊಂಬತ್ತು ಸಲ ಇದೇ.

ಹುಡುಕುವುದು ಹೀಗೆ. ಟೈರಿನ ಮೇಲಿನ ಹೆಸರು ವಾಲ್ವಿನ ಎದುರಿಗೇ ಬರುವಂತೆ ಹಾಕಿಟ್ಟುಕೊಂಡಿರಬೇಕು, ಇದು ಮನೆಯಲ್ಲೇ ಮಾಡುವ ಕೆಲಸ. ಟ್ಯೂಬಿಗೆ ಸ್ವಲ್ಪ ಗಾಳಿ ತುಂಬಿ ತೂತು ವಾಲ್ವಿನಿಂದ ಎಷ್ಟು ದೂರ ಅಂತ ಗೇಣಿನಿಂದ ಅಳೆಯಿರಿ. ಟೈರಿನ ಮೇಲೂ ಹೆಸರಿನಿಂದ ಅಷ್ಟೇ ದೂರ ಅಳೆಯಿರಿ, ಎರಡೂ ಕಡೆ. ಆ ಜಾಗದಲ್ಲಿ ಟೈರನ್ನು ಒಳಹೊರಗು ಮಾಡಿ ಹತ್ತಿಯ ಉಂಡೆ ಸವರಿ. ತಂತಿ ಇದ್ದರೆ ಹತ್ತಿಯ ಎಳೆ ಸಿಕ್ಕಿಕೊಂಡು ನಿಲ್ಲುತ್ತದೆ. ಬರಿ ಬೆರಳು ಆಡಿಸಿದರೆ ಬೆರಳಿಗೇ ಚುಚ್ಚುತ್ತದೆ. ಹುಬ್ಬು ಕೀಳುವ ಚಿಮಟದಿಂದ ಒಳಗಡೆಯಿಂದ ಹಿಡಿದು ಎಳೆಯಿರಿ, ಸಿಗದಿದ್ದರೆ ಹೊರಗಿನಿಂದ ಉಗುರು ಕತ್ತರಿಯ ತುದಿಯಲ್ಲಿ. ಅರ್ಧ ಮುರಿದು ಉಳಿಯಿತೇ ಅಂತ ಮತ್ತೊಮ್ಮೆ ಹತ್ತಿ ಸವರಿ.

ತೂತು ಎಲ್ಲಿದೆ ಅನ್ನುವುದೇ ಕಾರಣ ಹೇಳುತ್ತದೆ. ಟ್ಯೂಬಿನ ಹೊರಮೈಯಲ್ಲಿ ಒಂದೇ ತೂತು ಇದ್ದರೆ ರಸ್ತೆಯದು. ರಿಮ್ಮಿನ ಕಡೆಗಿದ್ದರೆ ರಿಮ್ ಟೇಪ್ ಸರಿದು ಕಡ್ಡಿಯ ತೂತು ಕಚ್ಚಿದೆ. ಅಕ್ಕಪಕ್ಕ ಎರಡು ಸೀಳು ಇದ್ದರೆ ಗಾಳಿ ಕಡಿಮೆ ಇಟ್ಟು ಗುಂಡಿಗೆ ಹೊಡೆದದ್ದು.

ಪಿಕಪ್ ಗಾಡಿಯಲ್ಲಿ ಇರಬೇಕಾದ್ದು: ದೊಡ್ಡ ಪಂಪು 2, 700 ಅಳತೆಯ ಟ್ಯೂಬು 15, 26 ಇಂಚು 4, 27.5 ಮತ್ತು 29 ಇಂಚು ಮೂರು ಮೂರು (ಯಾರ ಸೈಕಲ್ಲು ಯಾವುದು ಅಂತ ನೋಂದಣಿಯಲ್ಲೇ ಕೇಳಿ), ಟೈರು 700ರದ್ದು 2, ಗೇರ್ ಕೇಬಲ್ 3, ಬ್ರೇಕ್ ಕೇಬಲ್ 3, ಬ್ರೇಕ್ ರಬ್ಬರ್ 4 ಜೊತೆ, ಚೈನ್ ಕಟ್ಟರ್, ಚೈನ್ ಎಣ್ಣೆ, ಅಲೆನ್ ಕೀ ಸೆಟ್ಟು, 15 ನಂಬರ್ ಪೆಡಲ್ ಸ್ಪ್ಯಾನರ್, ಬಟ್ಟೆ. ತುಂಡಾದ ಚೈನು ಜೋಡಿಸುವ ಕ್ವಿಕ್ ಲಿಂಕ್ 8, 9, 10, 11 ಸ್ಪೀಡಿನದು ಬೇರೆ ಬೇರೆ. ಒಂದರದ್ದು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ, ಹಾಗಾಗಿ ಎರಡೆರಡು ಇಡಿ. ಡಿರೇಲರ್ ಹ್ಯಾಂಗರ್ (ಗೇರು ಬದಲಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ತುಂಡು) ಮಾತ್ರ ಪ್ರತಿ ಮಾಡೆಲ್ಲಿಗೂ ಬೇರೆ, ಅದನ್ನು ಅವರವರೇ ತರಬೇಕು.

ಪ್ರತಿ ಸವಾರನ ಬ್ಯಾಗಿನಲ್ಲಿ ಟ್ಯೂಬು 2, ಟೈರ್ ಲಿವರ್ 2, ಚಿಕ್ಕ ಪಂಪು, ಪ್ಯಾಚ್ ಮತ್ತು ಸೊಲ್ಯೂಷನ್. ಟೈರೇ ಸೀಳಿದರೆ ಒಳಗಿನಿಂದ ಇಡಲು ಹಳೇ ಟೂತ್‌ಪೇಸ್ಟ್ ಟ್ಯೂಬು ಕತ್ತರಿಸಿದ ಎರಡಂಗುಲದ ತುಂಡು ಸಾಕು. ವಾಲ್ವು ಸಪೂರದ್ದು, ಅಂದರೆ ಪ್ರೆಸ್ಟಾ ಆಗಿದ್ದರೆ ಚಿಕ್ಕ ಹಿತ್ತಾಳೆ ಅಡಾಪ್ಟರ್ ಒಂದು ಕಡ್ಡಾಯ. ಊರಿನ ಪಂಚರ್ ಅಂಗಡಿಯ ಗಾಳಿ ಪೈಪು ಬೈಕಿನ ವಾಲ್ವಿಗೆ ಮಾತ್ರ ಕೂರುತ್ತದೆ. ಅಲ್ಲಿ ಗಾಳಿ ಹಾಕಿಸುವಾಗ ಒತ್ತಿ ಬಿಡಿ, ಒತ್ತಿ ಬಿಡಿ ಅಂತ ಹೇಳಿ. ಒಂದೇ ಸಲಕ್ಕೆ ಬಿಟ್ಟರೆ ಸಪೂರ ಟ್ಯೂಬು ಸಿಡಿಯುತ್ತದೆ.

11. ಮೊದಲ_ಪೆಡಲ್

ನಮಸ್ತೆ ಸರ್, ನಾನೂ ಈ ಸವಾರಿಗೆ ಹೆಸರು ಕೊಟ್ಟಿದ್ದೇನೆ. 21 ಗೇರಿನ ಹೈಬ್ರಿಡ್, ವಿ-ಬ್ರೇಕ್, 35 ಮಿ.ಮೀ. ಟೈರು. ತೂಕ 74 ಕೆ.ಜಿ. ಇದು ನಡೆಯುತ್ತದಾ, ಬಾಡಿಗೆಗೆ ರೋಡ್ ಬೈಕ್ ತರಬೇಕಾ?

12. ಪಂಚರ್_ಪೆಟ್ಟಿಗೆ

ಅದೇ ತನ್ನಿ. ದೇಹಕ್ಕೆ ಒಗ್ಗಿದ ಸೈಕಲ್ಲು ಬಿಟ್ಟು ಎರಡು ದಿನದ ಹಿಂದೆ ಬಾಡಿಗೆ ತಂದರೆ ಮಂಡಿ, ಬೆನ್ನು ಎರಡೂ ಕೇಳುವುದಿಲ್ಲ. ಸಾಮಾನ್ಯವಾಗಿ 21 ಗೇರಿನದರಲ್ಲಿ ಮುಂದೆ ಸಣ್ಣ ಹಲ್ಲುಚಕ್ರಕ್ಕೆ 28 ಹಲ್ಲು, ಹಿಂದೆ ದೊಡ್ಡದು 28. ಒಂದು ಸುತ್ತು ತುಳಿದರೆ ಚಕ್ರವೂ ಒಂದೇ ಸುತ್ತು. ಕುಶಾಲನಗರದಾಚೆಯ ಏರಿಗೆ ಅದು ಧಾರಾಳ. ರೋಡ್ ಬೈಕಿನವರಿಗೇ ಹೇಳಬೇಕು, ಮುಂದೆ 34, ಹಿಂದೆ 32 ಆದರೂ ಇಟ್ಟುಕೊಳ್ಳಿ ಅಂತ. ಹಿಂದೆ 25 ಹಲ್ಲಿನದೇ ದೊಡ್ಡದಾದರೆ ಕೊನೇ 15 ಕಿ.ಮೀ. ಮಂಡಿ ನೋಯುತ್ತದೆ.

ಬ್ರೇಕ್ ರಬ್ಬರ್ ಬಿಚ್ಚಿ ಮೈ ನೋಡಿ. ಹೊಳೆಯುವ ಬೆಳ್ಳಿ ಚುಕ್ಕೆ ಕಂಡರೆ ಅದು ರಿಮ್ಮಿನ ಅಲ್ಯೂಮಿನಿಯಂ ಚೂರು, ರಬ್ಬರಿನೊಳಗೆ ಹೂತಿರುತ್ತದೆ. ಪಿನ್ನಿನಿಂದ ಕಿತ್ತು, ಉಪ್ಪುಕಾಗದದಿಂದ ನಾಲ್ಕು ಸಲ ಉಜ್ಜಿ. ರಬ್ಬರಿನ ಗೀರು ಮಾಸಿದ್ದರೆ ಬದಲಾಯಿಸಿ. ಗಾಳಿಯ ಒತ್ತಡ 35 ಮಿ.ಮೀ. ಟೈರಿಗೆ ಮುಂದೆ 50, ಹಿಂದೆ 55 ಪಿಎಸ್‌ಐ.

13. ರಾತ್ರಿ_ದೀಪ

ಪಂಚರ್ ಅಣ್ಣ, ಟೈರಿನ ಮೇಲೆ ಬರೆದ ಗರಿಷ್ಠ ಗಾಳಿ ಹಾಕಿದರೆ ಪಂಚರ್ ಕಡಿಮೆ ಅಂತಾರಲ್ಲ?

14. ಪಂಚರ್_ಪೆಟ್ಟಿಗೆ

ಕಲ್ಲಿನಂತೆ ಗಾಳಿ ತುಂಬಿದರೆ ಗುಂಡಿಗೆ ಟ್ಯೂಬು ಕಚ್ಚುವುದು ತಪ್ಪುತ್ತದೆ, ಆದರೆ ಚೂಪಿನ ಚೂರು ಇನ್ನೂ ಸಲೀಸಾಗಿ ಒಳಗಿಳಿಯುತ್ತದೆ. ಕೈ ಜೋಮು ಹಿಡಿಯುವುದು, ಜಲ್ಲಿಯಲ್ಲಿ ಜಾರುವುದು ಬೇರೆ. 75 ಕೆ.ಜಿ. ಆಸುಪಾಸಿನವರಿಗೆ 28 ಮಿ.ಮೀ. ಟೈರಿಗೆ ಮುಂದೆ 70, ಹಿಂದೆ 75–80. 25ಕ್ಕೆ 85–90. ತೂಕ 10 ಕೆ.ಜಿ. ಹೆಚ್ಚಾದರೆ 5 ಪಿಎಸ್‌ಐ ಸೇರಿಸಿ.

15. ಬೆಟ್ಟದ_ಹೂ

ಹೆಣ್ಣುಮಕ್ಕಳು ಎಷ್ಟು ಜನ ಇದ್ದಾರೆ ಸರ್? ಶೌಚಾಲಯದ ಮಾತು ಯಾರೂ ಎತ್ತಿಲ್ಲ. ಜಾಗ ಇಲ್ಲ ಅನ್ನುವ ಒಂದೇ ಕಾರಣಕ್ಕೆ ನೀರು ಕುಡಿಯದೆ ತುಳಿಯುವವರು ತುಂಬ ಜನ. ಮಿಡಿತ ಅವರು ಹೇಳಿದ ತಲೆಸುತ್ತು ಅಲ್ಲಿಂದಲೇ ಶುರು. ನೀರಿನ ನಿಲುಗಡೆಯನ್ನು ಮರದ ನೆರಳು ನೋಡಿ ಇಡಬೇಡಿ, ಪೆಟ್ರೋಲ್ ಬಂಕ್ ಇಲ್ಲವೇ ಕಲ್ಯಾಣಮಂಟಪ ನೋಡಿ ಇಡಿ. ಬಾಗಿಲಿನ ಚಿಲಕ, ನೀರು ಇದೆಯೇ ಅಂತ ವಾರದ ಮುಂಚೆ ಹೋಗಿ ನೋಡಿ ಬನ್ನಿ. ಸ್ವಯಂಸೇವಕರಲ್ಲಿ ಒಬ್ಬ ಮಹಿಳೆ ಇರಲಿ, ಗಾಡಿಯಲ್ಲಿ ಸ್ಯಾನಿಟರಿ ಪ್ಯಾಡ್, ಸೋಪು, ಕಾಗದದ ಚೀಲ.

ಪ್ಯಾಡ್ ಇರುವ ಸೈಕಲ್ ಚಡ್ಡಿಯ ಒಳಗೆ ಒಳಉಡುಪು ಹಾಕಬಾರದು, ಅದರ ಹೊಲಿಗೆಯೇ ಚರ್ಮ ಉಜ್ಜುತ್ತದೆ. ತೊಡೆಸಂದಿಗೆ ವ್ಯಾಸಲಿನ್ ಹಚ್ಚಿ, ಮಧ್ಯಾಹ್ನ ಇನ್ನೊಮ್ಮೆ. ಮೊದಲ ದಿನದ ಚಡ್ಡಿಯನ್ನೇ ಎರಡನೇ ದಿನ ಹಾಕಬೇಡಿ. ಮೈಸೂರಿನಲ್ಲಿ ರಾತ್ರಿ ಒಗೆದದ್ದು ಜನವರಿಯ ಚಳಿಗೆ ಬೆಳಗ್ಗೆ 5ರ ಹೊತ್ತಿಗೆ ಒಣಗಿರುವುದಿಲ್ಲ. ಎರಡು ಜೊತೆ ತರಲು ಹೇಳಿ.

16. ಕಾವೇರಿ_ಕಡೆಗೆ

11 ಜನ ಇದ್ದಾರೆ ಮೇಡಂ. ಇದು ನಮ್ಮ ಪಟ್ಟಿಯಲ್ಲೇ ಇರಲಿಲ್ಲ, ತಪ್ಪು ನಮ್ಮದೇ. ಬರುವ ಭಾನುವಾರ ಐದೂ ಜಾಗ ನೋಡಿಕೊಂಡು ಬರುತ್ತೇವೆ, ನಿಲುಗಡೆ ಒಂದೆರಡು ಕಿ.ಮೀ. ಹಿಂದೆ ಮುಂದೆ ಆದರೂ ಸರಿ.

17. ಲೆಕ್ಕದ_ಪುಸ್ತಕ

ಹಣದ ಬಗ್ಗೆ. ಸವಾರಿಯ ಖರ್ಚು ಬೇರೆ, ದೇಣಿಗೆ ಬೇರೆ. ಗಾಡಿ, ನೀರು, ಊಟ, ವಿಮೆ, ವಸತಿ ಎಲ್ಲ ಸವಾರರ ನೋಂದಣಿ ಶುಲ್ಕದಲ್ಲೇ ಕಳೆಯಬೇಕು. ದಾನಿ ಕೊಟ್ಟ ರೂಪಾಯಿಯಲ್ಲಿ ಬಾಳೆಹಣ್ಣು ಕೊಂಡಿರಿ ಅಂತ ಆಗಬಾರದು. ದೇಣಿಗೆ ಸವಾರರ ಸ್ವಂತ ಫೋನಿನ ಯುಪಿಐಗೆ ಬರುವುದು ಬೇಡವೇ ಬೇಡ. ನೇರ ಟ್ರಸ್ಟಿನ ಖಾತೆಗೇ ಹೋಗಲಿ, ಯಾವ ಸವಾರನ ಹೆಸರಿನಲ್ಲಿ ಅಂತ ಟಿಪ್ಪಣಿಯಲ್ಲಿ ಅಂಕಿ ಹಾಕಲು ಹೇಳಿ. ಆ 1ರಿಂದ 40ರ ಅಂಕಿ ಇಲ್ಲೂ ಉಪಯೋಗಕ್ಕೆ ಬರುತ್ತದೆ.

ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ (80ಜಿ ಅಂತ ಕರೆಯುತ್ತಾರಲ್ಲ, ಅದು) ಕೇಳುವವರಿಗೆ ಎರಡು ಮಾತು. 2,000 ರೂಪಾಯಿ ಮೀರಿದ ನಗದಿಗೆ ವಿನಾಯಿತಿ ಇಲ್ಲ. ರಸೀದಿಯ ಜೊತೆ ಟ್ರಸ್ಟಿನವರು ದೇಣಿಗೆಯ ಪ್ರಮಾಣಪತ್ರವನ್ನೂ ಕೊಡಬೇಕು, ಅದಕ್ಕೆ ದಾನಿಯ ಪ್ಯಾನ್ ಇಲ್ಲವೇ ಆಧಾರ್ ಬೇಕು. ಹಣ ತೆಗೆದುಕೊಳ್ಳುವಾಗಲೇ ಕೇಳದಿದ್ದರೆ ಆಮೇಲೆ ಒಬ್ಬೊಬ್ಬರನ್ನೂ ಹುಡುಕಬೇಕು.

ಹೊರದೇಶದ ನೆಂಟರು ಕೊಡುತ್ತಾರೆ ಅಂತ ಖುಷಿಯಲ್ಲಿ ಹಣ ಹಾಕುವ ಸ್ಕ್ಯಾನ್ (ಕ್ಯೂಆರ್) ಚಿತ್ರ ಕಳಿಸಬೇಡಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಗಲ್ಫಿನಲ್ಲೋ ಅಮೆರಿಕದಲ್ಲೋ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡವರು ಕೊಟ್ಟರೆ, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಟ್ರಸ್ಟಿಗೆ ವಿದೇಶಿ ದೇಣಿಗೆ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಇಲ್ಲದಿದ್ದರೆ ಮುಟ್ಟುವಂತಿಲ್ಲ.

18. ಮಿಡಿತ

ಯಾರಾದರೂ ಬಿದ್ದರೆ: ಮೊದಲು ಹಿಂದಿನ ಸವಾರ 100 ಮೀಟರ್ ಹಿಂದಕ್ಕೆ ಓಡಿ, ಬಣ್ಣದ ಬಟ್ಟೆ ಬೀಸಿ ಗಾಡಿ ನಿಧಾನಿಸಲಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ, ಪೊಲೀಸರಿಗೆ 112, ಹೆದ್ದಾರಿ ಸಹಾಯಕ್ಕೆ 1033. ಬಿದ್ದವರು ಕತ್ತು ನೋವು ಅಂದರೆ, ಕೈಕಾಲು ಜೋಮು ಅಂದರೆ ಎತ್ತಿ ಕೂರಿಸಬೇಡಿ, ಹೆಲ್ಮೆಟ್ ಎಳೆಯಬೇಡಿ. ತಲೆ ನೆಲಕ್ಕೆ ಬಡಿದಿದ್ದರೆ, ಆರಾಮಾಗಿದ್ದೇನೆ ಅಂತ ಅವರೇ ಹೇಳಿದರೂ ಆ ದಿನ ಸೈಕಲ್ ಹತ್ತಿಸಬೇಡಿ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ವಾಂತಿ, ಮಂಪರು ಕಂಡರೆ ತಡಮಾಡದೆ ಆಸ್ಪತ್ರೆ. ಬಿರುಕು ಬಿಟ್ಟ ಹೆಲ್ಮೆಟ್ ಮತ್ತೆ ಬಳಸುವಂತಿಲ್ಲ.

ಚರ್ಮ ತರಚಿದ್ದರೆ ಶುದ್ಧ ನೀರು ಧಾರಾಳವಾಗಿ ಸುರಿದು ಮಣ್ಣು, ಡಾಂಬರಿನ ಕಣ ತೊಳೆಯಿರಿ. ಅರಿಸಿನ, ಕಾಫಿಪುಡಿ ಮೆತ್ತಬೇಡಿ. ಪ್ರತಿಯೊಬ್ಬರ ಜೇಬಿನಲ್ಲೂ ಒಂದು ಚೀಟಿ ಇರಲಿ: ರಕ್ತದ ಗುಂಪು, ಆಗದ ಔಷಧ, ಮನೆಯವರ ಫೋನ್. ಪ್ಲಾಸ್ಟಿಕ್ ಕವರಿನಲ್ಲಿಡಿ, ಬೆವರಿಗೆ ಶಾಯಿ ಅಳಿಸಿಹೋಗುತ್ತದೆ.

19. ಕಾಫಿತೋಟದ_ದಾರಿ

ಕುಶಾಲನಗರದಾಚೆಯದು ನಾನು ಹೇಳುತ್ತೇನೆ. ಕುಶಾಲನಗರ ಸಮುದ್ರಮಟ್ಟದಿಂದ ಸುಮಾರು 830 ಮೀಟರ್, ಮಡಿಕೇರಿ 1,150ರ ಹತ್ತಿರ. ವ್ಯತ್ಯಾಸ 320 ಮೀಟರ್ ಮಾತ್ರ ಅಂತ ಕಾಗದದ ಮೇಲೆ ಸಣ್ಣದಾಗಿ ಕಾಣುತ್ತದೆ. ಆದರೆ ರಸ್ತೆ ಹತ್ತಿ ಇಳಿದು ಹತ್ತಿ ಇಳಿದು ಹೋಗುವುದರಿಂದ ಕಾಲು ನಿಜವಾಗಿ ಹತ್ತುವುದು ಅದಕ್ಕಿಂತ ಜಾಸ್ತಿ, ಅದೂ 87 ಕಿ.ಮೀ. ಮುಗಿಸಿದ ಕಾಲು.

ಗುಡ್ಡೆಹೊಸೂರು ಕಳೆದು ಸುಂಟಿಕೊಪ್ಪಕ್ಕೆ ಮುಂಚೆ ಆನೆಕಾಡು. ಹೆಸರಿಗೆ ತಕ್ಕಂತೆ ಅಲ್ಲಿ ಆನೆ ರಸ್ತೆ ದಾಟುತ್ತದೆ, ಹೆಚ್ಚಾಗಿ ಮುಂಜಾನೆ ಮತ್ತು ಸಂಜೆ. ಬಾಲಂಗೋಚಿಯವರ ಪಟ್ಟಿಯಂತೆ 1.30ರಿಂದ 3ರೊಳಗೆ ದಾಟಿದರೆ ಒಳ್ಳೇ ಹೊತ್ತು. ಒಂಟಿಯಾಗಿ ಯಾರನ್ನೂ ಬಿಡಬೇಡಿ. ಕಾಡಿನೊಳಗೆ ನಿಲುಗಡೆ, ಫೋಟೊ, ಮೂತ್ರಕ್ಕೆ ಇಳಿಯುವುದು ಯಾವುದೂ ಬೇಡ, ಬಾಳೆಸಿಪ್ಪೆ ಎಸೆಯುವುದಂತೂ ಬೇಡ. ಮುಂದೆ ಗಾಡಿಗಳು ಸಾಲಾಗಿ ನಿಂತಿದ್ದರೆ ದಾಟಿಕೊಂಡು ಮುಂದೆ ಹೋಗಬೇಡಿ, ಆನೆ ಇರಬಹುದು. ಬಸ್ಸಿನ ಹಿಂದೆ ನಿಲ್ಲಿ. ಹಿಂದಿನ ದಿನ ಅಲ್ಲಿನ ಅರಣ್ಯ ಸಿಬ್ಬಂದಿಯನ್ನು ವಿಚಾರಿಸಿದರೆ ಹಿಂಡು ಯಾವ ಕಡೆ ಇದೆ ಅಂತ ತಿಳಿಯುತ್ತದೆ.

ಸುಂಟಿಕೊಪ್ಪ, ಕೆದಕಲ್, ಬೋಯಿಕೇರಿ ಕಡೆ ರಸ್ತೆ ಕಿರಿದು, ತಿರುವು ಜಾಸ್ತಿ, ಎರಡೂ ಕಡೆ ತೋಟದ ನೆರಳು. ಬಿಸಿಲಿನಿಂದ ನೆರಳಿಗೆ ಬಂದಾಗ ಒಂದೆರಡು ಕ್ಷಣ ಗುಂಡಿ ಕಾಣುವುದಿಲ್ಲ, ಕಪ್ಪು ಕನ್ನಡಕ ಕುಶಾಲನಗರದಲ್ಲೇ ತೆಗೆದಿಡಿ. ಜನವರಿ ಕಾಫಿ ಕುಯ್ಲಿನ ಕಾಲ, ತೋಟದ ಗೇಟಿನಿಂದ ಜೀಪು, ಪಿಕಪ್ ದಿಢೀರನೆ ಹೊರಬರುತ್ತವೆ. ಏರಿನಲ್ಲಿ ಗೇರು ಬದಲಿಸುವುದು ಕಾಲು ಸೋಲುವ ಮುಂಚೆಯೇ. ಪೆಡಲ್ ಮೇಲೆ ಪೂರ್ತಿ ಭಾರ ಇರುವಾಗ ಬದಲಿಸಿದರೆ ಚೈನು ತುಂಡಾಗುವುದು, ಹ್ಯಾಂಗರ್ ಬಾಗುವುದು. ನಿಮಿಷಕ್ಕೆ 70 ಸುತ್ತು ತಿರುಗುವ ಗೇರಿನಲ್ಲಿ ಕೂತೇ ತುಳಿಯಿರಿ, ಪಕ್ಕದವರೊಡನೆ ಪೂರ್ತಿ ವಾಕ್ಯ ಮಾತಾಡುವಷ್ಟು ಉಸಿರು ಇರಬೇಕು. ಇಳಿದು ತಳ್ಳುವವರಿಗೆ ಚಪ್ಪಾಳೆ ತಟ್ಟಿ ಅವಸರ ಮಾಡಬೇಡಿ. ತಳ್ಳಿಕೊಂಡು ಹೋದರೂ ಗಂಟೆಗೆ 4–5 ಕಿ.ಮೀ. ಸಾಗುತ್ತದೆ, ಮುಂದಿನ ಇಳಿಜಾರಿನಲ್ಲಿ ಅದು ಸರಿಹೋಗುತ್ತದೆ.

20. ಕಾವೇರಿ_ಕಡೆಗೆ

ಎಲ್ಲರಿಗೂ ಕೈಮುಗಿದೆ. ಮೂರು ಗುಂಪು, 12 ಕ್ಯಾನ್, 2.15ರ ಗಡುವು ಬರೆದುಕೊಂಡೆ. ಇನ್ನೊಂದು ಪಿಕಪ್ ಕೂಡ ಗೊತ್ತುಮಾಡುತ್ತೇವೆ. ಕೊನೇ ಪ್ರಶ್ನೆ: ಮಡಿಕೇರಿಯಿಂದ 40 ಸೈಕಲ್ ವಾಪಸ್ ಬೆಂಗಳೂರಿಗೆ ಲಾರಿಯಲ್ಲಿ. ತುಂಬುವುದು ಹೇಗೆ?

21. ಪಂಚರ್_ಪೆಟ್ಟಿಗೆ

ಮಲಗಿಸಬೇಡಿ, ನಿಲ್ಲಿಸಿ. ಒಂದರ ಮುಂಚಕ್ರದ ಪಕ್ಕ ಇನ್ನೊಂದರ ಹಿಂಚಕ್ರ ಬರುವಂತೆ ಎದುರುಬದುರು ದಿಕ್ಕಿಗೆ ಜೋಡಿ ಮಾಡಿ, ಒಂದರ ಡಿರೇಲರ್ ಇನ್ನೊಂದರ ಕಡ್ಡಿಗೆ ತಾಗದಂತೆ ನಡುವೆ ರಟ್ಟು ಇಲ್ಲವೇ ಹಳೇ ಕಂಬಳಿ. ಪೆಡಲ್ ಬಿಚ್ಚಿಸಿ. ಎಡ ಪೆಡಲಿನ ತಿರುಪು ಉಲ್ಟಾ, ಅದನ್ನು ಪ್ರದಕ್ಷಿಣವಾಗಿ ತಿರುಗಿಸಿದರೆ ಬಿಚ್ಚುತ್ತದೆ. ಬಿಚ್ಚಿದ್ದನ್ನು ಕವರಿಗೆ ಹಾಕಿ ಅದೇ ಸೈಕಲ್ಲಿನ ಹ್ಯಾಂಡಲಿಗೆ ಕಟ್ಟಿ. ಹೈಡ್ರಾಲಿಕ್ ಡಿಸ್ಕ್ ಬ್ರೇಕಿನ ಚಕ್ರ ಬಿಚ್ಚಿದರೆ ಪ್ಯಾಡುಗಳ ನಡುವೆ ಮಡಚಿದ ರಟ್ಟು ಸಿಕ್ಕಿಸಿ. ಯಾರಾದರೂ ಲಿವರ್ ಒತ್ತಿಬಿಟ್ಟರೆ ಪ್ಯಾಡು ಕಚ್ಚಿಕೊಂಡು ಆಮೇಲೆ ಡಿಸ್ಕ್ ಒಳಗೆ ಹೋಗುವುದಿಲ್ಲ. ಗೇರನ್ನು ಹಿಂದಿನ ದೊಡ್ಡ ಹಲ್ಲಿಗೆ ಹಾಕಿಡಿ, ಡಿರೇಲರ್ ಒಳಕ್ಕೆ ಸರಿದು ಪೆಟ್ಟು ತಪ್ಪುತ್ತದೆ.

ಕಟ್ಟಲು ಹಗ್ಗಕ್ಕಿಂತ ದಿನವಿಡೀ ಪಂಚರ್ ಆದ ಹಳೇ ಟ್ಯೂಬುಗಳೇ ಒಳ್ಳೆಯವು, ಹಿಡಿತ ಇರುತ್ತದೆ, ಬಣ್ಣ ಕೆರೆಯುವುದಿಲ್ಲ. ಫ್ರೇಮಿನ ನಡುವೆ ಕಟ್ಟಬೇಡಿ, ಸೀಟ್ ಕಂಬಕ್ಕೆ ಕಟ್ಟಿ. ತುಂಬಿದ ಮೇಲೆ ಆ ಎಣಿಕೆಯ ಕಾಗದ ತೆಗೆದುಕೊಂಡು ಲಾರಿಯ ಹಿಂಬದಿ ನಿಂತು 40 ಅಂಕಿಗೂ ಗೀಟು ಹಾಕಿ, ಆಮೇಲೆ ಬಾಗಿಲು ಹಾಕಿಸಿ.